ಕುರ್ಚಿ ಬೋರಲು ಹಾಕಿ ನೋಡು

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೊದಲು ಎಸ್‌ಐಪಿ ಬಗ್ಗೆ ಮಾತಾಡ್ತಿದ್ರು. ಆಮೇಲೆ ಸೈಟು, ಅದಾದ ಮೇಲೆ ಕ್ರಿಪ್ಟೊ. ಈಗ ಕುರ್ಚಿ ಬಗ್ಗೆ ಮಾತಾಡ್ತಾರೆ. ‘ಮಿಡ್-ಸೆಂಚುರಿ ಮಾಡರ್ನ್’ ಅನ್ನೋ ಶಬ್ದ ಕೇಳದೆ ಒಂದು ವಾರ ಕಳೆಯೋದು ಕಷ್ಟವಾಗಿದೆ. ಅರ್ಥ ಸರಳ. ಸುಮಾರು 1945ರಿಂದ 60ರ ದಶಕದ ಕೊನೆಯವರೆಗೆ ಬಂದ ಪೀಠೋಪಕರಣಗಳ ಶೈಲಿ. ಹೂಬಳ್ಳಿಯ ಕೆತ್ತನೆ ಇಲ್ಲ, ಸಿಂಹದ ಪಾದ ಇಲ್ಲ. ಕಾಲು ತೆಳ್ಳಗೆ, ಸ್ವಲ್ಪ ವಾರೆ. ಕಟ್ಟಿಗೆ ಕಟ್ಟಿಗೆಯ ಹಾಗೇ ಕಾಣಬೇಕು. ಮಜಾ ಏನಂದ್ರೆ, ಆ ಕುರ್ಚಿಗಳನ್ನು ಮಾಡಿದವರ ಕಾಲದಲ್ಲಿ ಈ ಹೆಸರು ಚಾಲ್ತಿಯಲ್ಲೇ ಇರಲಿಲ್ಲ. ಕಾರಾ ಗ್ರೀನ್‌ಬರ್ಗ್ ಎಂಬ ಅಮೆರಿಕದ ಲೇಖಕಿ 1984ರಲ್ಲಿ ಬರೆದ ಪುಸ್ತಕದಿಂದ ಈ ಹೆಸರು ಮನೆಮಾತಾಯಿತು. ಹೆಸರು ಬಿದ್ದ ಮೇಲೆ ರೇಟೂ ಬಿತ್ತು.

ಹೊರದೇಶದ ಕಥೆ ಯಾಕೆ, ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. ಚಂಡೀಗಢ ಕಟ್ಟುವಾಗ ಲೆ ಕಾರ್ಬೂಸಿಯೆ ಜೊತೆ ಬಂದ ಅವನ ತಮ್ಮನ ವರಸೆಯ ಪಿಯರ್ ಜೆನರೆ 1951ರಿಂದ 1965ರವರೆಗೆ ಅಲ್ಲೇ ಉಳಿದ. ಹೊಸ ಕಚೇರಿ, ಕೋರ್ಟು, ಯೂನಿವರ್ಸಿಟಿಗಳಿಗೆ ಸಾವಿರಾರು ಕುರ್ಚಿ ಮೇಜು ಬೇಕಿದ್ದವು. ಸಾಗವಾನಿ, ಶೀಶಂ, ಬೆತ್ತ ಬಳಸಿ, ಕಂಪಾಸಿನ ಹಾಗೆ ಕಾಲು ಚಾಚಿದ ಕುರ್ಚಿಗಳನ್ನು ಅವನ ತಂಡ ರೂಪಿಸಿತು. ಅಲ್ಲಿನ ಬಡಿಗರು ಮಾಡಿಕೊಟ್ಟರು. 40 ವರ್ಷ ಗುಮಾಸ್ತರು ಕುಂತೆದ್ದು ಬೆತ್ತ ಹರಿದ ಮೇಲೆ ಅವನ್ನು ಟೆರೇಸಿಗೆ ಒಗೆದರು, ಹರಾಜಿನಲ್ಲಿ ಕವಡೆ ಕಾಸಿಗೆ ಮಾರಿದರು. ಫ್ರಾನ್ಸಿನ ವ್ಯಾಪಾರಿಗಳು ಕೊಂಡೊಯ್ದು, ರಿಪೇರಿ ಮಾಡಿ, ಪ್ಯಾರಿಸ್ಸು ನ್ಯೂಯಾರ್ಕಿನ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಎಚ್ಚೆತ್ತು ಇವನ್ನು ಪಾರಂಪರಿಕ ವಸ್ತು ಅಂತ ಕಾಯಲು ಹೇಳಿತು. ಆದರೂ ಹೊರಗೆ ಹೋದದ್ದನ್ನು ತಡೆಯುವುದು ಸುಲಭವಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ವಸ್ತುಗಳಿಗೆ ಅನ್ವಯಿಸಬೇಕಾದರೆ ಕನಿಷ್ಠ 100 ವರ್ಷ ಆಗಿರಬೇಕು. ಈ ಕುರ್ಚಿಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಈ ಕಥೆಯನ್ನು ಕ್ಯಾಂಟೀನಿನಲ್ಲಿ ಕೇಳಿ ಬಿಟ್ಟುಬಿಡುತ್ತಿದ್ದೆ. ಆದರೆ ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಮನೆಯಲ್ಲೇ ಇದರ ಲೆಕ್ಕ ಹಾಕುವ ಕೆಲಸ ನನ್ನ ತಲೆಗೆ ಬಂತು.

ನಮ್ಮೂರು ಹುನಗುಂದ ತಾಲೂಕಿನಲ್ಲಿದೆ. ಅವ್ವನ ತವರು ಹಳೇ ಬಾಗಲಕೋಟೆ. ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರಿಗೆ ನೀರು ನಿಂತಾಗ ಹಳೇ ಊರಿನ ದೊಡ್ಡ ಭಾಗ ಹೋಯಿತು. ಜನ ನವನಗರಕ್ಕೆ ಬಂದರು. ನಮ್ಮ ಸೋದರಮಾವನ ಮನೆ ಮಾತ್ರ ಸ್ವಲ್ಪ ಎತ್ತರದಲ್ಲಿದ್ದುದರಿಂದ ಉಳಿಯಿತು. 2010ರ ಡಿಸೆಂಬರಿನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಆಣೆಕಟ್ಟಿನ ನೀರಿನ ಮಟ್ಟ 524.256 ಮೀಟರಿಗೆ ಏರಿಸಬಹುದು ಅಂತ ಹೇಳಿದಾಗಿನಿಂದ ಆ ಮನೆಯೂ ಸಾಲಿನಲ್ಲಿ ನಿಂತಿದೆ. ಒಂದಿಷ್ಟು ಹಳ್ಳಿ, ಹಳೇ ಊರಿನ ಒಂದಿಷ್ಟು ವಾರ್ಡು ಮುಳುಗಡೆಯ ಲೆಕ್ಕದಲ್ಲಿವೆ. ಯಾವಾಗ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಆ ಓಣಿಯಲ್ಲಿ ಯಾರೂ ಗ್ವಾಡಿಗೆ ಸುಣ್ಣ ಹಚ್ಚುವುದಿಲ್ಲ, ಮನೆ ಬಿಡುವುದೂ ಇಲ್ಲ.

ಇಂಥ ಓಣಿಗಳಿಗೆ ಹಳೇ ಸಾಮಾನಿನ ವ್ಯಾಪಾರಿಗಳು ಬರುತ್ತಾರೆ. ತೊಲೆ, ಕಂಬ, ಬಾಗಿಲ ಚೌಕಟ್ಟು, ಕಪಾಟು, ಮಂಚ. ಮಾವನ ಮನೆಗೂ ಒಬ್ಬರು ಬಂದಿದ್ದರು. ನಡುಮನೆಯ ನಾಲ್ಕು ಕುರ್ಚಿ, ಒಂದು ಮೇಜು, ಒಂದು ಆರಾಮ ಕುರ್ಚಿ, ಒಂದು ಕಪಾಟು, ಒಂದು ಮಂಚ, ಎಲ್ಲಕ್ಕೂ ಸೇರಿಸಿ 45,000 ರೂಪಾಯಿ ಅಂದಿದ್ದರಂತೆ. ಮಾವನ ಹಿರೀ ಮಗಳು, ‘ಕೊಟ್ಟು ಬಿಡೂಣು, ಹುಳ ತಿಂದ್ರ ಅದೂ ಬರೂದಿಲ್ಲ’ ಅಂದಳು. ಕಿರಿಯಳು, ‘ಇನ್‌ಸ್ಟಾದಾಗ ಇಂಥಾ ಒಂದ ಕುರ್ಚಿಗೆ 80 ಸಾವಿರ ಐತಿ’ ಅಂತ ಫೋನ್ ಹಿಡಿದಳು. ಅವ್ವ, ‘ನಮ್ಮಪ್ಪ ಮಾಡಿಸಿದ್ದದು, ನನಗೂ ಒಂದ್ ಮಾತು ಕೇಳ್ಬೇಕಲ್ಲ’ ಅಂದಳು. ಮಾವ ಏನೂ ಅನ್ನಲಿಲ್ಲ. ‘ತಮ್ಮಾ, ನೀ ಕಂಪ್ಯೂಟರನಾಗ ಕೆಲಸ ಮಾಡಾಂವ, ಲೆಕ್ಕ ಹಾಕಿ ಹೇಳು’ ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ಕಂಪ್ಯೂಟರಿಗೂ ಕುರ್ಚಿಗೂ ಏನು ಸಂಬಂಧವೋ ದೇವರೇ ಬಲ್ಲ. ಆದರೆ ಮೂರು ಹೆಣ್ಣುಮಕ್ಕಳ ನಡುವೆ ಮನಸ್ತಾಪ ಬರುವಂಥ ಹೊತ್ತಿನಲ್ಲಿ ಹಿಂದೆ ಸರಿಯಲಾಗಲಿಲ್ಲ. ಎರಡು ದಿನ ರಜೆ ಜಾಸ್ತಿ ಹಾಕಿದೆ.

ಕಟ್ಟಿಗೆ ನೋಡುವ ಪಾಠ ನನಗೆ ಮೊದಲು ಆದದ್ದು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ಹೊರಗಿನವರಿಗೆ ಅಲ್ಲಿನ ನಾಟಕ ಕಂಪನಿಗಳು ಗೊತ್ತು. ನಮ್ಮ ಕಡೆ ಮನೆ ಕಟ್ಟಿಸುವವರಿಗೆ ಅದು ಬಾಗಿಲು, ಚೌಕಟ್ಟುಗಳ ಸಂತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ಚೌಕಟ್ಟಿಗೆ ಅರ್ಧ ದಿನ ತಿರುಗಿದ್ದ. ಪಾಲಿಶ್ ಹೊಡೆದು ಫಳಫಳ ನಿಲ್ಲಿಸಿದ್ದನ್ನು ತಿರುಗಿಯೂ ನೋಡಲಿಲ್ಲ. ‘ಎಣ್ಣಿ ಹಚ್ಚಿದ್ದು ಬ್ಯಾಡ, ಬರೀ ಕಟ್ಟಿಗಿ ತೋರ್ಸು’ ಅನ್ನುತ್ತಿದ್ದ. ಗಂಟು ಎಲ್ಲಿದೆ, ಮೂಲೆಯ ಕೂಡಿಕೆಯಲ್ಲಿ ಉಗುರು ಹೋಗುತ್ತದಾ, ಅಂಚಿನಲ್ಲಿ ಬಿಳಿ ಕಟ್ಟಿಗೆ ಎಷ್ಟಿದೆ ನೋಡುತ್ತಿದ್ದ. ಹಳೇ ಕುರ್ಚಿಯನ್ನು ಅಳೆಯಲು ಲಂಡನ್ನಿನ ಹರಾಜು ಕಂಪನಿಯ ತಜ್ಞ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ.

ಮಾವನ ಮನೆಯಲ್ಲಿ ನನ್ನ ಜೊತೆಗೆ ಬಂದವರು ಆ ಸಾಮಾನು ಮಾಡಿದ ಬಡಿಗರ ಮಗ. ಎಪ್ಪತ್ತರ ಹತ್ತಿರದ ವಯಸ್ಸು. ನಾವು ಅವರಿಗೆ ಕಾಕಾ ಅನ್ನುತ್ತೇವೆ. ನವನಗರದಲ್ಲಿ ಅವರ ಮಗ ಪ್ಲೈವುಡ್ಡಿನ ವಾರ್ಡ್‌ರೋಬ್ ಮಾಡುವ ಅಂಗಡಿ ಇಟ್ಟಿದ್ದಾನೆ. ಕಾಕಾ ಬಂದವರೇ ಕುರ್ಚಿಯ ಮೇಲೆ ಕೂಡಲಿಲ್ಲ. ಎತ್ತಿ ಬೋರಲು ಹಾಕಿದರು. ‘ಕುರ್ಚಿ ಮಾರಿ ಎಲ್ಲಾರಿಗೂ ತೋರಸ್ತೈತಿ. ಖರೇ ಹೇಳೂದು ತಳಾ’ ಅಂದರು.

ತಳದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ನೀವು ಹಳೇ ಸಾಮಾನು ಕೊಳ್ಳುವವರಾದರೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು ಕಟ್ಟಿಗೆ. ಕುರ್ಚಿಯ ತಳಕ್ಕೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ, ಹಾಗಾಗಿ ಅಲ್ಲಿ ಕಟ್ಟಿಗೆಯ ನಿಜ ಬಣ್ಣ ಕಾಣುತ್ತದೆ. ಸಾಗವಾನಿಯನ್ನು ಸ್ವಲ್ಪ ಕೆರೆದರೆ ಎಣ್ಣೆಯ ಜಿಡ್ಡು, ತೊಗಲಿನಂಥ ವಾಸನೆ. ಶೀಶಂ ಆದರೆ ಎತ್ತುವಾಗಲೇ ಭಾರ ಗೊತ್ತಾಗುತ್ತದೆ. ಮೇಲ್ಮೈಯ ಗೆರೆಗಳು ಅಂಚಿನಲ್ಲಿ ಇಳಿದು ಮುಂದುವರಿದರೆ ಇಡೀ ಹಲಗೆ. ಅಂಚಿಗೆ ಬಂದು ತಟ್ಟನೆ ನಿಂತರೆ ಮೇಲೆ ವಿನೀರ್ ಅಂಟಿಸಿದ್ದಾರೆ ಅಂತ. ವಿನೀರ್ ಅಂದಕೂಡಲೇ ಮೋಸ ಅನ್ನಬೇಡಿ. 50–60ರ ದಶಕದ ಡೆನ್ಮಾರ್ಕಿನ ಒಳ್ಳೊಳ್ಳೆ ಮೇಜು ಕಪಾಟುಗಳಲ್ಲೂ ಸಾಗವಾನಿಯ ವಿನೀರ್ ಇದೆ. ಅದರ ಕೆಳಗೆ ಏನಿದೆ ಅನ್ನುವುದು ಮುಖ್ಯ. ಕೆಳಗೆ ಭೂಸಾ ಒತ್ತಿ ಮಾಡಿದ ಹಲಗೆ ಇದ್ದರೆ ಒಂದು ಮಳೆಗಾಲದ ತೇವಕ್ಕೆ ಉಬ್ಬುತ್ತದೆ.

ಎರಡನೆಯದು ಕೂಡಿಕೆ. ಕುರ್ಚಿಗೆ ಭಾರ ಬೀಳುವುದು ಹಿಂಗಾಲು ಮತ್ತು ಕೂಡುವ ಚೌಕಟ್ಟು ಸೇರುವ ಜಾಗದಲ್ಲಿ. ಒಳ್ಳೆಯ ಬಡಿಗ ಅಲ್ಲಿ ಒಂದರ ತುದಿಯನ್ನು ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಇಳಿಸಿ, ಅಡ್ಡಲಾಗಿ ಕಟ್ಟಿಗೆಯ ಮೊಳೆ ಹೊಡೆದಿರುತ್ತಾನೆ. ಅವಸರದವನು ಸ್ಕ್ರೂ ಹಾಕಿರುತ್ತಾನೆ. ಸ್ಕ್ರೂ ಇದ್ದರೆ ಅದರ ತಲೆ ನೋಡಿ. ನಮ್ಮ ಕಡೆಯ ಹಳೇ ಕೆಲಸದಲ್ಲಿ ಒಂದೇ ಗೀರಿನ ತಲೆ ಇರುತ್ತದೆ. ‘1955ರ ಪೀಸ್ ಸರ್’ ಅಂತ ಮಾರುವ ಕುರ್ಚಿಯಲ್ಲಿ ಪ್ಲಸ್ ಗುರುತಿನ ಹೊಳೆಯುವ ಸ್ಕ್ರೂ ಕಂಡರೆ, ರಿಪೇರಿ ಆಗಿದೆ ಅಥವಾ ಹುಟ್ಟಿದ್ದೇ ಮೊನ್ನೆ ಅಂತ ಅನುಮಾನ ಇಟ್ಟುಕೊಂಡು ಮುಂದಿನ ಪ್ರಶ್ನೆ ಕೇಳಬೇಕು.

ಮೂರನೆಯದು ಹುಳ. ತೂತು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಕಾಲನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಒಳಗೆ ಇನ್ನೂ ಊಟ ನಡೆದಿದೆ ಅಂತ. ಸಾಗವಾನಿಯ ಕೆಂಪು ತಿರುಳಿಗೆ ಹುಳ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅಂಚಿನ ಬಿಳಿ ಕಟ್ಟಿಗೆಯನ್ನು ಬಿಡುವುದಿಲ್ಲ. ಅಪ್ಪ ಜಾತ್ರೆಯಲ್ಲಿ ಬಿಳಿ ಅಂಚು ಹುಡುಕುತ್ತಿದ್ದುದು ಇದಕ್ಕೇ.

ನಾಲ್ಕನೆಯದು ಪಾಲಿಶ್. ಹಳೇ ಕಾಲದ್ದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ತಿಕ್ಕಿದ ಪಾಲಿಶ್. ಕಾಣದ ಜಾಗದಲ್ಲಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿದರೆ ಅಂಟಂಟಾಗುತ್ತದೆ. ಈಗಿನ ಪಿಯು ಪಾಲಿಶ್ ಅಲ್ಲಾಡುವುದಿಲ್ಲ. ಸಂಗ್ರಹ ಮಾಡುವವರಿಗೆ 60 ವರ್ಷ ಕೈ ಸವರಿ ಬಂದ ಹೊಳಪು ಬೇಕು. ಮಾರುವ ಆಸೆಗೆ ಮಶೀನ್ ಹಾಕಿ ಉಜ್ಜಿ ಕನ್ನಡಿ ಮಾಡಿಸಿದರೆ ರೇಟು ಏರುವ ಬದಲು ಇಳಿಯುತ್ತದೆ. ಬೆತ್ತದ ವಿಷಯ ಹಾಗಲ್ಲ. ಅದು ಹರಿಯುವುದೇ. ಅಂಧ ಶಾಲೆಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಒಂದು ಉದ್ಯೋಗವಾಗಿಯೇ ಕಲಿಸುತ್ತಿದ್ದರು ಅಂದರೆ ಎಷ್ಟು ಸಲ ಬದಲಿಸುತ್ತಿದ್ದರು ಲೆಕ್ಕ ಹಾಕಿ. ಚಂಡೀಗಢದ ಕುರ್ಚಿಗಳಲ್ಲೂ ಬೆತ್ತ ಹೊಸದಾದರೆ ಯಾರೂ ಮೂಗು ಮುರಿಯುವುದಿಲ್ಲ.

ಈ ನಾಲ್ಕೂ ಇಟ್ಟುಕೊಂಡು ನೋಡಿದಾಗ ಮಾವನ ಮನೆಯ ಸಾಮಾನು ಬೇರೆಬೇರೆಯಾಗಿ ನಿಂತಿತು. ಕಪಾಟು 80ರ ದಶಕದ್ದು, ಮೇಲೆ ವಿನೀರ್, ಹಿಂದೆ ಪ್ಲೈ ಉಬ್ಬಿತ್ತು. ಮಂಚ ಗಟ್ಟಿ, ಆದರೆ ಅಂಥ ಮಂಚ ಪ್ರತಿ ಓಣಿಯಲ್ಲೂ ಇದೆ. ಕುರ್ಚಿಗಳನ್ನು ಬೋರಲು ಹಾಕಿದಾಗ ಕಾಕಾ ಸುಮ್ಮನಾದರು. ಎರಡು ಕುರ್ಚಿಗಳ ಪ್ರತಿ ಕೂಡಿಕೆಯ ಪಕ್ಕದಲ್ಲೂ ಉಳಿಯಿಂದ ಹೊಡೆದ ಸಣ್ಣ ಗೀರುಗಳಿದ್ದವು. ಒಂದು, ಎರಡು, ಮೂರು. ಯಾವ ಕಾಲು ಯಾವ ತೂತಿಗೆ ಅಂತ ಬಡಿಗರು ಹಾಕುವ ಗುರುತು. ಕೊನೆಯ ಗೀರು ಮಾತ್ರ ವಾರೆ. ‘ನಮ್ಮಪ್ಪಂದು. ನಾಕನೇದು ಯಾವಾಗ್ಲೂ ವಾರಿ ಹೊಡೀತಿದ್ದ’ ಅಂದರು. ಉಳಿದೆರಡಕ್ಕೆ ಗೀರೂ ಇರಲಿಲ್ಲ, ಸಾಗವಾನಿಯೂ ಅಲ್ಲ. ಬೇವಿನ ಕಟ್ಟಿಗೆಗೆ ಬಣ್ಣ ಕೊಟ್ಟು ಜೋಡಿ ಮಾಡಿದ್ದರು. ಮೇಜಿನ ಡ್ರಾ ಹೊರಗೆ ಎಳೆದು ತಿರುಗಿಸಿದರೆ ತಳದಲ್ಲಿ ಪೆನ್ಸಿಲಿನಲ್ಲಿ ಕಟ್ಟಿಗೆಯ ಅಳತೆ, ಕೂಲಿಯ ಲೆಕ್ಕ, ಕೆಳಗೆ 1964 ಅಂತ ಇತ್ತು.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದರು. ಅಡತಿ ಅಂಗಡಿಯ ಗುಮಾಸ್ತನಾಗಿದ್ದ ಅಜ್ಜ ಅದೇ ವರ್ಷ ಸಾಲ ಮಾಡಿ ಸಾಗವಾನಿ ತರಿಸಿ ಮೇಜು ಕುರ್ಚಿ ಮಾಡಿಸಿದ್ದ. ನಾನು ಇದನ್ನು ಗಟ್ಟಿಯಾಗಿ ಓದಿದೆ. ಮಾವ ಮಾತ್ರ, ‘ಹೌದು, ಅಪ್ಪಗ ಎಲ್ಲಾರೂ ನಗ್ತಿದ್ರಂತ’ ಅಂದ.

ಆ ಕುರ್ಚಿಯ ಕಾಲೂ ವಾರೆಯೇ. ಚಂಡೀಗಢದ ಕುರ್ಚಿಯ ಅಣ್ಣತಮ್ಮ ಅನ್ನಬೇಕು ಹಾಗಿದೆ. ಬಾಗಲಕೋಟೆಯ ಬಡಿಗನಿಗೆ ಜೆನರೆ ಯಾರು ಅಂತ ಗೊತ್ತಿರಲು ಸಾಧ್ಯವಿಲ್ಲ. ಸರಕಾರಿ ಕಚೇರಿಯ ಸಾಮಾನು ನೋಡಿ ಮಾಡಿದನಾ, ಅಜ್ಜ ಯಾವುದೋ ಕ್ಯಾಲೆಂಡರಿನ ಚಿತ್ರ ತೋರಿಸಿದನಾ, ಕಾಕಾ ಬೇರೆಯೇ ಹೇಳಿದರು: ‘ಕಾಲು ವಾರಿ ಇಟ್ರ ಹಿಂದಕ್ಕ ವಾಲಿದ್ರೂ ಉರುಳೂದಿಲ್ಲ. ಕೆತ್ತನಿ ಬಿಟ್ರ ಕೂಲಿ ಕಡಿಮಿ.’ ಮಾಡರ್ನಿಸಂ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಹೇಳಿಲ್ಲ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ನಮ್ಮ ತಾಲೂಕಿನ ಐಹೊಳೆಗೆ ಹೋದರೆ ಲಾಡಖಾನ ಗುಡಿಯ ಮಾಳಿಗೆ ನೋಡಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂಡಿಸಿದ್ದಾರೆ, ಥೇಟ್ ಕಟ್ಟಿಗೆಯ ಗಳದ ಹಾಗೆ. ಕಟ್ಟಿಗೆ ಕೆಲಸ ಬಲ್ಲವರ ಬುದ್ಧಿ ಕಲ್ಲಿನಲ್ಲಿ ನಿಂತಿದೆ. ಇಳಕಲ್ ಸೀರೆಯದೂ ಅದೇ ಮಾತು. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅವ್ವ ಅಂಗಡಿಯಲ್ಲಿ ಸೀರೆ ಬಿಚ್ಚಿದರೆ ಮೊದಲು ಆ ಕೊಂಡಿಯ ಜಾಗ ಹಿಡಿದು ಹಿಂದುಮುಂದು ಮಾಡಿ ನೋಡುತ್ತಾಳೆ, ಆಮೇಲೆ ಬಣ್ಣ. ಕಲ್ಲು, ನೂಲು, ಕಟ್ಟಿಗೆ ಯಾವುದೇ ಇರಲಿ, ಕೆಲಸಗಾರನ ಯೋಗ್ಯತೆ ಗೊತ್ತಾಗುವುದು ಎರಡು ಕೂಡುವಲ್ಲಿ.

ಗುಣದ ಮಾತು ಇದಾಯಿತು. ಇನ್ನು ರೊಕ್ಕದ ಮಾತು. ಗುಣ ಇದ್ದದ್ದಕ್ಕೆಲ್ಲ ಬೆಲೆ ಬರುತ್ತದೆ ಅಂದುಕೊಳ್ಳುವುದು ನಮ್ಮ ತಲೆಮಾರಿನ ಭ್ರಮೆ. ಚಂಡೀಗಢದ ಕುರ್ಚಿಗೆ ಲಕ್ಷಗಟ್ಟಲೆ ಕೊಡುವವರು ಕಟ್ಟಿಗೆಗೆ ಕೊಡುವುದಿಲ್ಲ. ಜೆನರೆಯ ಹೆಸರು, ಯಾವ ಕಟ್ಟಡದಿಂದ ಬಂತು, ಯಾವ ಹರಾಜಿನಲ್ಲಿ ಬಿತ್ತು ಅನ್ನುವ ಕಾಗದ, ಮೈಮೇಲೆ ಬಿಳಿ ಬಣ್ಣದಲ್ಲಿ ಬರೆದ ಕಚೇರಿಯ ನಂಬರು, ಇದಕ್ಕೆ ಕೊಡುತ್ತಾರೆ. ಬಡಿಗನ ಹೆಸರು ಯಾರೂ ಕೇಳುವುದಿಲ್ಲ. ಹೆಸರಿಗೆ ಬೆಲೆ ಬಂದಕೂಡಲೇ ನಕಲಿಯೂ ಬಂತು. ನಕಲು ಮಾಡುವವನು ಆ ನಂಬರನ್ನೂ ಬರೆಯುತ್ತಾನೆ. ಹಾಗಾಗಿ ಕಾಗದ ಇಲ್ಲದೆ ಬರೀ ನಂಬರು ನಂಬಬೇಡಿ.

ಮಾವನ ಮನೆಯ ಮೇಜು ಮತ್ತು ಎರಡು ಕುರ್ಚಿಗೆ ಇಂಥ ಹೆಸರಿಲ್ಲ. ಹುಬ್ಬಳ್ಳಿಯ ಒಬ್ಬರಿಗೆ, ಬೆಂಗಳೂರಿನ ಇಬ್ಬರಿಗೆ ಫೋಟೊ ಕಳಿಸಿದೆ. ಮೂರೂ ಸೇರಿ 30,000 ರೂಪಾಯಿಯ ಹತ್ತಿರ ಬಂದು ನಿಂತಿತು. ಇನ್‌ಸ್ಟಾದ 80 ಸಾವಿರ ಅಂಗಡಿಯವನು ಕೇಳುವ ರೇಟು. ನಮ್ಮ ಕೈಗೆ ಬರುವ ರೇಟು ಬೇರೆ. ಶೇರಿನಲ್ಲಿ ಕೊಳ್ಳುವ ಮಾರುವ ಬೆಲೆಗಳ ನಡುವೆ ಪೈಸೆಯ ಅಂತರ ಇದ್ದರೆ ಇಲ್ಲಿ ಅರ್ಧಕ್ಕರ್ಧ.

ಇಟ್ಟುಕೊಂಡರೆ? ಶೇಕಡಾ 7ರ ಎಫ್‌ಡಿಯಲ್ಲಿ 30,000 ಸುಮಾರು 10 ವರ್ಷಕ್ಕೆ 60,000 ಆಗುತ್ತದೆ. ಕುರ್ಚಿ ಅಷ್ಟಾಗುತ್ತದೆ ಅಂತ ಬರೆದು ಕೊಡುವವರು ಯಾರೂ ಇಲ್ಲ. ಬೆಂಗಳೂರಿನಲ್ಲಿ ನನ್ನ 1,000 ಚದರಡಿಯ ಫ್ಲ್ಯಾಟಿಗೆ 30,000 ಬಾಡಿಗೆ, ಅಂದರೆ ಚದರಡಿಗೆ 30. ಈ ಮೂರು ಸಾಮಾನಿಗೆ 20 ಚದರಡಿ ಹಿಡಿದರೂ ತಿಂಗಳಿಗೆ 600, 10 ವರ್ಷಕ್ಕೆ 72,000. ಮಾರುವ ಆಸೆಯಿಂದ ಸುಮ್ಮನೆ ಮೂಲೆಯಲ್ಲಿ ಇಟ್ಟರೆ ಸಾಮಾನು ನಮ್ಮನ್ನೇ ತಿನ್ನುತ್ತದೆ. ದಿನಾ ಕೂತು ಬಳಸಿದರೆ ಬೇರೆ ಮಾತು, ಹೇಗೂ ಒಂದು ಮೇಜು ಕೊಳ್ಳಲೇಬೇಕು. ಒಂದು ಸಣ್ಣ ಅನುಕೂಲ ಇದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸ್ವಂತ ಬಳಕೆಯ ಪೀಠೋಪಕರಣವನ್ನು ಬಂಡವಾಳ ಆಸ್ತಿ ಅಂತ ಹಿಡಿದಿರಲಿಲ್ಲ. ಆದರೆ ಕಲಾಕೃತಿಗಳಿಗೆ ಆ ವಿನಾಯಿತಿ ಇರಲಿಲ್ಲ. ಅಂದರೆ ಕುರ್ಚಿ ಕುರ್ಚಿಯಾಗಿರುವವರೆಗೆ ಕ್ಷೇಮ.

ಇಷ್ಟೂ ಒಂದು ಹಾಳೆಯಲ್ಲಿ ಬರೆದು ಎಲ್ಲರ ಮುಂದೆ ಇಟ್ಟೆ. ಕಪಾಟು, ಮಂಚ, ಬೇವಿನ ಕುರ್ಚಿಗಳನ್ನು ಕೊಡುವುದು. ಬಂದ ರೊಕ್ಕ ಅವ್ವ ಮತ್ತು ಮಾವನಿಗೆ ಸಮ. ಮೇಜು, ಎರಡು ಕುರ್ಚಿಯನ್ನು 30,000ಕ್ಕೆ ನಾನೇ ತೆಗೆದುಕೊಳ್ಳುವುದು, ಆ ರೊಕ್ಕವೂ ಹಾಗೇ ಸಮ ಪಾಲು. ಆರಾಮ ಕುರ್ಚಿ ಮಾವನಿಗೆ. ಹಿರಿಯಳು ಒಪ್ಪಿದಳು. ಕಿರಿಯಳು ಲೆಕ್ಕವನ್ನು ಎರಡು ಸಲ ನೋಡಿ ಒಪ್ಪಿದಳು. ಮಾವ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ.

ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂತಾಗ ಹೇಳಿದ: ‘ರೇಟು ಬರೋಬರಿ ಐತಿ, ತಮ್ಮಾ. ಅದಲ್ಲ. ಇಷ್ಟ್ ವರ್ಷ ಸಾಮಾನು ಮಾರಿಲ್ಲ ಯಾಕಂದ್ರ, ಮಾರಿದ್ರ ನೀರು ಬರೂದು ಖರೇ ಅಂತ ನಾನೇ ಒಪ್ಪಿಕೊಂಡಂಗ ಆಗ್ತೈತಿ.’ ನನ್ನ ಹಾಳೆಯಲ್ಲಿ ಇದಕ್ಕೆ ಕಾಲಮ್ ಇರಲಿಲ್ಲ. ‘ಹಂಗಾರ ನೀರು ಬರೂಮಟ ಎಲ್ಲಾ ಇಲ್ಲೇ ಇರ್ಲಿ ಮಾವ, ಮಾರೂದು ಬ್ಯಾಡ’ ಅಂದೆ. ಮಾವ ಬಹಳ ಹೊತ್ತು ಬಿಟ್ಟು, ‘ಕಪಾಟು, ಮಂಚ, ಬೇವಿನ ಕುರ್ಚಿ ಕೊಟ್ಟು ಬಿಡ್ರಿ. ಮೇಜು ಒಯ್ಯಿ. ಒಂದು ಕುರ್ಚಿನೂ ಒಯ್ಯಿ, ಒಂದು ಇಲ್ಲಿರ್ಲಿ’ ಅಂದ. ಜೋಡಿ ಒಡೆದರೆ ರೇಟು ಬೀಳುತ್ತದೆ ಅಂತ ಪುಸ್ತಕ ಹೇಳುತ್ತದೆ. ಜೋಡಿ ಒಡೆಯಿತು.

ಹೊರಡುವ ಮುಂಚೆ ಗಟ್ಟಿ ಕಾರ್ಡಿನ ಮೇಲೆ ಬರೆದು ಮೇಜಿನ ಡ್ರಾ ತಳಕ್ಕೆ ಅಂಟಿಸಿದೆ: ಸಾಗವಾನಿ, 1964, ಹಳೇ ಬಾಗಲಕೋಟೆಯ ಇಂಥ ಓಣಿ, ಮಾಡಿಸಿದ್ದು ಅಜ್ಜ, ಮಾಡಿದ್ದು ಕಾಕಾನ ಅಪ್ಪ, ಪೂರ್ತಿ ಹೆಸರಿನ ಸಮೇತ. ಎರಡೂ ಕುರ್ಚಿಗೆ ಇದೇ ಕಾರ್ಡು. ಆ ವಾರೆ ಗೀರಿನ ಫೋಟೊ ಕೂಡ. ಕಾಕಾನಿಗೆ ಓದಿ ಹೇಳಿದೆ. ಇದನ್ನೆಲ್ಲ ಲೇಖನ ಬರೀತೀನಿ, ನಿಮ್ಮಪ್ಪನ ಹೆಸರು ಹಾಕಲಾ ಅಂತಲೂ ಕೇಳಿದೆ. ಅವರು ಕುರ್ಚಿಯನ್ನು ನೆಟ್ಟಗೆ ಮಾಡಿ, ಅವತ್ತು ಮೊದಲ ಸಲ ಅದರ ಮೇಲೆ ಕೂತರು.

‘ಕುರ್ಚಿ ಮ್ಯಾಲ ಬರದಿಯಲ್ಲ, ಸಾಕು. ಪೇಪರನ್ಯಾಗ ಬ್ಯಾಡ. ಪೇಪರ್ ಎಷ್ಟ್ ದಿನಾ ಇರ್ತೈತಿ?’